ಚಿಗರಿಗೆ ಟಿಕೆಟ್ ಕೇಳಿದ ಮಾವ

ಕಂಬಳಿ ಹೊದ್ದು, ನಾಲ್ಕು ಕಾಲಿನ ಮೇಲೆ ನಡೆದು ಕ್ಯಾಮೆರಾ ಆರಿಸಿದ ಮನುಷ್ಯ ಕೊಪ್ಪಳ ಜಿಲ್ಲೆಯಲ್ಲಿ ಒಬ್ಬನೇ. ಅವನು ನನ್ನ ಸೋದರಮಾವ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆ ಏನಿದ್ದರೂ ಅತ್ತೆಯ ಪಾಲಿನದು!

ಮಾವ ಕುಷ್ಟಗಿ, ಯಲಬುರ್ಗಾ ದಾರಿಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೂ ಕಂಡಕ್ಟರಿಕೆ ಅವನನ್ನು ಬಿಡಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತವರನ್ನು "ಸರೀರಿ, ಸರೀರಿ, ಒಳಗ ಜಾಗಾ ಐತಿ" ಎಂದು ದೂಡುತ್ತಾನೆ. ಬಂದ ನೆಂಟರು ಚಪ್ಪಲಿ ಮೆಟ್ಟಿದರೆ "ರೈಟ್!" ಎನ್ನುತ್ತಾನೆ. ಇಂಥವನ ಹೊಲಕ್ಕೆ ಚಿಗರಿಗಳು, ಅಂದರೆ ಪುಸ್ತಕದವರು ಕೃಷ್ಣಮೃಗ ಎನ್ನುವ ಆ ಜಿಂಕೆಗಳು, ಟಿಕೆಟ್ಟಿಲ್ಲದೆ ನುಗ್ಗಿ ಕಡಲೆಯ ಕುಡಿ ಮೇದು ಹೋಗುವುದೆಂದರೆ ಸಹಿಸುತ್ತಾನೆಯೆ?

ಹಿಂದಿನ ವರ್ಷ ಹಿಂಗಾರಿ ಕಡಲೆ ಅರ್ಧಕ್ಕರ್ಧ ಅವುಗಳ ಹೊಟ್ಟೆ ಸೇರಿತ್ತು. ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಎಳ್ಳಮಾಸಿ ತನಾ ನೋಡ್ತೀನ್ರಿ. ಅಷ್ಟರಾಗ ಚಿಗರಿ ಕಾಟ ತಪ್ಪಲಿಲ್ಲಂದ್ರ ಹೊಲಾ ಬಾಜೂದವಗ ಲಾವಣಿಗೆ ಕೊಟ್ಟುಬಿಡೂನು."

ಎಳ್ಳಮಾಸಿ ಅಂದರೆ ಎಳ್ಳಮಾವಾಸ್ಯೆ, ಲಾವಣಿ ಅಂದರೆ ಗೇಣಿ. ಆ ಪಕ್ಕದ ಹೊಲದವನಂತೂ ಹೊಲ ಕೈಗೆ ಬಂದ ದಿನವೇ ಸುತ್ತ ಕರೆಂಟಿನ ತಂತಿ ಎಳೆಯುವ ಆಸಾಮಿ. ಚಿಗರಿಗಳು ಸುಟ್ಟು ಬೀಳುವುದನ್ನು ಮಾವ ನೋಡಲಾರ, ಹೊಲವನ್ನೂ ಬಿಡಲಾರ. ಆದರೆ ಧೈರ್ಯ ನೋಡಿ! "ಅವು ಎಲ್ಲಿ ಹತ್ತತಾವ, ಎಲ್ಲಿ ಇಳೀತಾವ, ಅದೊಂದು ತಿಳಿದ್ರ ಸಾಕು. ಆ ಸ್ಟಾಪ್ ಬಂದ್ ಮಾಡಿಬಿಡ್ತೀನಿ" ಎಂದು ನನ್ನನ್ನು ಜೊತೆಗೆ ಕರೆದುಕೊಂಡು ಗಂಗಾವತಿಗೆ ಹೊರಟ.

ನಾವು ಹೊಕ್ಕಿದ್ದು ಮನೆಗಳಿಗೆ ಕ್ಯಾಮೆರಾ ಕೂರಿಸುವ ಅಂಗಡಿ. ಅಂಗಡಿಯವನು ಪೆನ್ನು ಹಿಡಿದು ಕೇಳಿದ:

"ಕಂಪೌಂಡ್ ಎಷ್ಟು ಉದ್ದ ಐತ್ರಿ?"

"ಕಂಪೌಂಡ್ ಇಲ್ಲ."

"ಕರೆಂಟ್ ಎಲ್ಲಿಂದ ಬರತೈತ್ರಿ?"

"ಕರೆಂಟೂ ಇಲ್ಲ."

"ಕಳ್ಳರರ ಅದಾರೋ ಇಲ್ಲೋ ಯಜಮಾನ್ರ?"

"ಅದಾರಲ್ಲ! ತಲಿ ಮ್ಯಾಲ ಕೊಂಬೂ ಅದಾವ!"

ಅಂಗಡಿಯವನು ಒಳ್ಳೆಯ ಮನುಷ್ಯ, ನಕ್ಕ. ಕಾಡಿನಲ್ಲಿ ಮರಕ್ಕೆ ಕಟ್ಟುವ ಕ್ಯಾಮೆರಾ ಬರುತ್ತದೆ, ಸೆಲ್ಲಿನ ಮೇಲೆ ನಡೆಯುತ್ತದೆ, ಬಿಸಿ ಮೈಯಿನ ಪ್ರಾಣಿ ಎದುರಿಗೆ ಹಾದರೆ ತಾನೇ ಫೋಟೋ ಹೊಡೆಯುತ್ತದೆ ಎಂದು ವಿವರಿಸಿದ. ಎರಡು ನಮೂನೆ ತರಿಸಿ, "ಮನಿಗೆ ಒಯ್ದು ನೋಡ್ರಿ, ಒಲ್ಲದ್ದು ವಾಪಸ್ ಕೊಡ್ರಿ" ಎಂದು ಕೊಟ್ಟ.

ಎರಡರಲ್ಲಿ ಚುರುಕು ಯಾವುದು? ಓಡುವ ಪ್ರಾಣಿಯನ್ನು ಪೂರ್ತಿ ಹಿಡಿಯುವುದು ಯಾವುದು? ಅಂಗಳದಲ್ಲೇ ಪರೀಕ್ಷೆ! ಕಸ ಹೊಡೆಯುತ್ತಿದ್ದ ಅತ್ತೆಗೆ ಮಾವ, "ಚಿಗರಿ ಹಂಗ ಒಂದ್ ಸಲ ಜಿಗದು ಹೋಗು ನೋಡೂನು" ಎಂದ. ಅತ್ತೆ ಕಸಬರಿಗೆ ಎತ್ತಿದ್ದನ್ನು ಎರಡೂ ಕ್ಯಾಮೆರಾಗಳು ಬಹಳ ಸ್ಪಷ್ಟವಾಗಿ ಹಿಡಿದವು! ಕೊನೆಗೆ ಮಾವನೇ ಕಂಬಳಿ ಹೊದ್ದು, ಅಂಗೈ ಊರಿ, ಅಂಗಳದ ತುಂಬ ಕುಪ್ಪಳಿಸಿದ. ಹಾಲು ತಂದ ಹೆಣ್ಣುಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

"ಯಕ್ಕಾ, ಮಾವಾರಿಗೆ ಏನರ ಆಗೈತೇನು?"

"ಏನೂ ಆಗಿಲ್ಲವಾ. ಪೆನ್ಷನ್ ಆಗೈತಿ" ಎಂದಳು ಅತ್ತೆ.

ಒಂದು ಕ್ಯಾಮೆರಾದಲ್ಲಿ ಬರೀ ಕಂಬಳಿಯ ತುದಿ ಬಿದ್ದಿತ್ತು. ಇನ್ನೊಂದರಲ್ಲಿ ಮೀಸೆಯಿಂದ ಹಿಮ್ಮಡಿಯವರೆಗೆ ಇಡೀ ಮಾವ! ಅದೇ ಪಾಸಾಯಿತು.

ಹೊಲದ ಬೇವಿನ ಮರಕ್ಕೆ ಅದನ್ನು ಕಟ್ಟಿ ಒಂದು ವಾರ ಕಾದ. ತೆಗೆದು ನೋಡಿದರೆ ಎಲ್ಲ ಚಿತ್ರವೂ ಕೆಂಪು! ಹೊಲ ಕೆಂಪು, ಆಕಾಶ ಕೆಂಪು, ಚಿಗರಿ ಇದೆಯೋ ಇಲ್ಲವೋ ದೇವರೇ ಬಲ್ಲ. ಅಂಗಡಿಯವನನ್ನು ಫೋನಿನಲ್ಲಿ ಸಾಕಷ್ಟು ಬೈದಾದ ಮೇಲೆ ಕ್ಯಾಮೆರಾದ ಮುಖ ನೋಡಿದ. ಹೊಸ ಯಂತ್ರವನ್ನು ಪೂಜೆಯಿಲ್ಲದೆ ಬಳಸುವುದುಂಟೆ? ಅತ್ತೆ ಹೇಮಗುಡ್ಡದ ದೇವಿಯ ಕುಂಕುಮವನ್ನು ಅದರ ಕಣ್ಣಿಗೇ ಹಚ್ಚಿದ್ದಳು!

"ಹಣಿಗೆ ಹಚ್ಚೋದು ಬಿಟ್ಟು ಕಣ್ಣಿಗೆ ಹಚ್ಚೀಯಲ್ಲ?"

"ಅದಕ ಹಣಿ ಎಲ್ಲಿ ಐತಿ ತೋರಸ್ರಿ ಮತ್ತ!"

ಮಾವ ಕುಂಕುಮ ಒರೆಸಿದ. ಮರುವಾರ ಒಬ್ಬನೇ ಹೋಗಿ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ನೋಡಿ ಬಂದವನು, "ಏನೂ ಬಿದ್ದಿಲ್ಲ" ಎಂದ. ಕ್ಯಾಮೆರಾ ಬೇವಿನಿಂದ ಬನ್ನಿಗೆ ವರ್ಗವಾಯಿತು. ಅಲ್ಲಿ ಬಿಸಿಲಿಗೆ ಕಾದು ಗಾಳಿಗೆ ತೂಗುವ ಜೋಳದ ತೆನೆಗಳು ಮಾತ್ರ ಬಿದ್ದವು. ಬನ್ನಿಯಿಂದ ಬಾವಿಗೆ ಬಂತು. ಅಲ್ಲಿ ಎಲ್ಲ ಚಿತ್ರದಲ್ಲೂ ಒಂದೇ ಪ್ರಾಣಿ, ಏನಾದರೂ ಬಿದ್ದಿದೆಯೇ ಎಂದು ಮತ್ತೆ ಮತ್ತೆ ಬಂದು ಇಣುಕುವ ಮಾವ!

ಆಮೇಲೆ ಅದು ಊರ ಕಡೆಯ ಬದುವಿಗೆ ಬಂದದ್ದೇ ತಡ, ಊರೇ ಎದ್ದು ನಿಂತಿತು. ಬೆಳಗ್ಗೆ ಚೊಂಬು ಹಿಡಿದು ಬದುವಿನ ಮರೆಗೆ ಹೋಗುವವರೆಲ್ಲ ಮಾವನ ಕಟ್ಟೆಗೆ ದೂರು ತಂದರು. "ಕಂಡಕ್ಟರ್ ಸಾಹೇಬ್ರ, ನಮ್ಮ ಮರ್ಯಾದಿ ಪ್ರಶ್ನಿ ಐತಿ!" ಮಾವ ಮೀಸೆ ತಿರುವಿ ಸಮಾಧಾನ ಹೇಳಿದ: "ಅಂಜಬ್ಯಾಡ್ರಿ, ನಾಕು ಕಾಲು ಇದ್ದವರನ್ನ ಅಷ್ಟ ನೋಡ್ತೀನಿ." ಯಾರೂ ನಂಬಲಿಲ್ಲ. ಮನೆಯಲ್ಲಿ ಪಾಯಖಾನೆ ಕಟ್ಟಿಸಿ ಅದರಲ್ಲಿ ಸೌದೆ ತುಂಬಿದ್ದವರು ಮರುದಿನವೇ ಸೌದೆ ಹೊರಗೆ ಹಾಕಿದರು!

ಹೀಗೆ ನಕ್ಕು ನಗಿಸುತ್ತಲೇ ಎಳ್ಳಮಾವಾಸ್ಯೆ ಬಂತು. ನಾವೆಲ್ಲ ಟ್ರ್ಯಾಕ್ಟರ್ ಏರಿ, ಹಳ್ಳ ಸುತ್ತಿ ಹೊಲಕ್ಕೆ ಹೋದೆವು. ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ ಹೊಡೆದು ಬೇವಿನ ನೆರಳಲ್ಲಿ ಕಾಲು ಚಾಚಿದೆವು. ಕಡಲೆಯ ಕುಡಿಗಳು ಈ ಸಲವೂ ಮೊಂಡಾಗಿದ್ದವು. ಅತ್ತೆ ಕೇಳಿಯೇಬಿಟ್ಟಳು: "ಮತ್ತ, ನಾಳೆ ಬಾಜೂದವನ್ನ ಕರಸಲೇನ್ರಿ?"

ಮಾವ ಖಾಲಿ ತಾಟುಗಳನ್ನು ಒಂದರ ಮೇಲೊಂದು ಜೋಡಿಸಿ ಅವಳ ಕಡೆ ಸರಿಸಿದ. ಅತ್ತೆ ಪಾತ್ರೆ ಎತ್ತಿಕೊಂಡು ಬಾವಿಯ ಕಡೆ ಹೋದಳು. ನಾನು ಕ್ಯಾಮೆರಾದ ಕಾರ್ಡು ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಹಾಕಿದೆ. ಮಾವನಿಗೆ ಚಿತ್ರ ಅಳಿಸಲು ಬರುತ್ತಿರಲಿಲ್ಲ, ಎಲ್ಲವೂ ಹಾಗೇ ಇದ್ದವು. ಕುಂಕುಮ ಒರೆಸಿದ ವಾರದಲ್ಲೇ ಉತ್ತರ ಸಿಕ್ಕಿತ್ತು! ಬದುವಿನ ಜಾಲಿ ಬೇಲಿಯಲ್ಲಿ ಒಂದು ಕಿಂಡಿ. ಅದರೊಳಗಿಂದ ಒಂದು ಹೆಣ್ಣು ಚಿಗರಿ, ಅದರ ಮರಿ, ಹಿಂದೆ ಇಡೀ ಹಿಂಡು ಸಾಲಾಗಿ ಇಳಿಯುತ್ತಿದ್ದವು. ಹಗಲಿನ ಚಿತ್ರದಲ್ಲಿ ಅದೇ ಕಿಂಡಿಯಲ್ಲಿ ಅತ್ತೆ. ತಲೆಯ ಮೇಲೆ ಬುತ್ತಿಯ ಗಂಟು, ಒಂದು ಕೈ ನೋಯುವ ಮಂಡಿಯ ಮೇಲೆ. ಹಳ್ಳ ಸುತ್ತಿ ನಡೆಯುವುದು ಅವಳಿಂದ ಆಗುವುದಿಲ್ಲವೆಂದು ಮಾವನೇ ಬೇಲಿ ಕಡಿದು ಮಾಡಿಕೊಟ್ಟ ದಾರಿ ಅದು.

"ಮಾವಾ, ನಿನಗ ಆವಾಗನ ಗೊತ್ತಾಗಿತ್ತು!"

"ಗೊತ್ತಾಗಿತ್ತು. ಮುಚ್ಚಿದ್ರ ನಿಮ್ಮತ್ತಿ ಹ್ಯಾಂಗ ಬರಬೇಕು?"

"ಬುತ್ತಿ ಮುಂಜಾನೆ ನೀನ ಕಟಗೊಂಡು ಬಂದ್ರಾತು."

ಮಾವ ಕಡಲೆ ಸಾಲಿನ ಕಡೆ ಮುಖ ತಿರುಗಿಸಿದ.

"ಬುತ್ತಿ ಬರತೈತೋ ಅಳಿಯಾ. ಆಕಿ ಬರಂಗಿಲ್ಲ. ಹರೇದ ದಿನಾ ಎಲ್ಲಾ ಬಸ್ಸಿನ್ಯಾಗ ಹೋದವು, ಆಕಿ ಕೂಡ ಕುಂತು ಉಂಡಿದ್ದ ಇಲ್ಲ. ಈಗ ಇಲ್ಲಿ ದಿನಾ ಇಬ್ಬರೂ ಕೂಡಿ ಉಣ್ತೀವಿ."

ಹೇಳಿದರೆ ಅವಳು ಬರುವುದು ತಪ್ಪುತ್ತದೆ, ಹೇಳದಿದ್ದರೆ ಹೊಲ ತಪ್ಪುತ್ತದೆ. ಈ ಸಂಕಟ ಹೊಟ್ಟೆಯಲ್ಲಿಟ್ಟುಕೊಂಡು ಪಾಪ, ಮರದಿಂದ ಮರಕ್ಕೆ ಕ್ಯಾಮೆರಾ ಹೊತ್ತು ತಿರುಗಿದ್ದ!

ಅತ್ತೆ ತೊಳೆದ ಪಾತ್ರೆ ಹಿಡಿದು ನಮ್ಮ ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗದರಿದಳು: "ಇಷ್ಟ ಹೇಳಾಕ ಇಷ್ಟ ದಿನಾ ಬೇಕಾದುವೇನ್ರಿ? ಕಿಂಡಿಗೆ ಒಂದು ಮುಳ್ಳಿನ ಬಾಗಲಾ ಮಾಡಿ ಹಚ್ಚರಿ. ಲಾವಣಿ ಗೀವಣಿ ಏನೂ ಬ್ಯಾಡ."

ಮರುದಿನ ಮಾವ ಬೇವಿನ ಕಟ್ಟಿಗೆಗೆ ಜಾಲಿ ಬಿಗಿದು ಬಾಗಿಲು ನಿಲ್ಲಿಸಿದ. ಮಧ್ಯಾಹ್ನ ದೂರದಲ್ಲಿ ಬುತ್ತಿಯ ಗಂಟು ಕಂಡದ್ದೇ ಕೆಲಸ ಬಿಟ್ಟು ಎದ್ದ. ಮುಳ್ಳು ಚುಚ್ಚುವುದನ್ನೂ ಲೆಕ್ಕಿಸದೆ ಬಾಗಿಲು ಸರಿಸಿ, ಅವಳು ಕುಂಟುತ್ತ ಬಂದು ದಾಟುವವರೆಗೂ ಹಿಡಿದುಕೊಂಡೇ ನಿಂತ.