ಟಿನ್ ಫ್ಯಾಕ್ಟರಿ ಬಳಿ ಮೊದಲ ಪೀರಿಯಡ್

ಕಾಶಿಗೆ ಹೋಗಿ ಬಂದವರು ಗಂಗಾಜಲ ತರುತ್ತಾರೆ, ತಿರುಪತಿಗೆ ಹೋಗಿ ಬಂದವರು ಲಡ್ಡು ತರುತ್ತಾರೆ. ಸೆಮಿನಾರಿಗೆ ಹೋಗಿ ಬಂದ ಪ್ರಾಂಶುಪಾಲರು ಮಾತ್ರ ಯೋಜನೆ ತರುತ್ತಾರೆ. ಗಂಗಾಜಲವನ್ನು ದೇವರ ಮನೆಯಲ್ಲಿಟ್ಟು ಮರೆಯಬಹುದು, ಲಡ್ಡನ್ನು ತಿಂದು ಮರೆಯಬಹುದು. ಯೋಜನೆ ಹಾಗಲ್ಲ, ಅದನ್ನು ಯಾರಾದರೂ ಜಾರಿಗೆ ತರಬೇಕು. ಆದ್ದರಿಂದ ಸೆಮಿನಾರಿನಿಂದ ಮರಳಿದ ಪ್ರಾಂಶುಪಾಲರ ಕಣ್ಣಿಗೆ ಒಂದು ವಾರವಾದರೂ ಬೀಳಬಾರದು ಎಂಬುದು ನನ್ನ ಅಧ್ಯಾಪಕ ವೃತ್ತಿಯ ಸಾರಸರ್ವಸ್ವ. ಈ ಜ್ಞಾನ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹಲಸೂರಿನ ನಮ್ಮ ಕಾಲೇಜಿನ ಕಾರಿಡಾರಿನಲ್ಲಿ ಒಂದು ಸೋಮವಾರ ಅವರಿಗೆ ಎದುರಾಗಿ, ‘ಹೇಗಿತ್ತು ಸರ್ ಸೆಮಿನಾರು?’ ಎಂದು ನಾನಾಗಿಯೇ ಕೇಳಿದ ಮೇಲೆ ಬಂದದ್ದು.

ನಮ್ಮ ಪ್ರಾಂಶುಪಾಲರು ರಸಾಯನಶಾಸ್ತ್ರದವರು. ಏನನ್ನಾದರೂ ಏನಕ್ಕಾದರೂ ಬೆರೆಸಿ ನೋಡಬೇಕೆಂಬ ಆಸೆ ಅವರಿಗೆ ಮೊದಲಿನಿಂದ ಇದ್ದದ್ದೇ. ‘ನೋಡಿ ಮೇಷ್ಟ್ರೇ, ಮೊದಲನೇ ವರ್ಷದ ಹುಡುಗರು ಕಾಲೇಜಿಗೆ ಬಂದು ದಿಕ್ಕೆಟ್ಟು ಹೋಗ್ತಾರೆ. ಯಾರ ಪರಿಚಯವೂ ಇರಲ್ಲ. ಅರ್ಧ ವರ್ಷಕ್ಕೆ ಬಿಟ್ಟು ಹೋಗ್ತಾರೆ. ಅವರನ್ನ ಸಣ್ಣ ಸಣ್ಣ ಬಳಗ ಮಾಡಿ, ಒಂದೊಂದು ಬಳಗಕ್ಕೆ ಊರಲ್ಲಿ ಒಂದೊಂದು ಸ್ಥಳ ಕೊಟ್ಟು, ಆ ಸ್ಥಳದಿಂದಲೇ ಪಾಠ ಕಲಿಸಬೇಕು. ಸ್ಥಳಾಧಾರಿತ ಕಲಿಕಾ ಬಳಗ!’ ಎಂದರು. ನಿಜ ಹೇಳಬೇಕೆಂದರೆ ಮಾತು ನನಗೆ ಹಿಡಿಸಿತು. ನಾನೂ ಒಂದು ಕಾಲದಲ್ಲಿ ಊಟದ ಡಬ್ಬಿ ಹಿಡಿದು, ಯಾವ ಬೆಂಚಿನಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತವನೇ. ಹಾಗೆ ಹಿಡಿಸಿದ್ದು ಮುಖದಲ್ಲಿ ಕಂಡಿರಬೇಕು, ಒಂದು ಬಳಗ ನನಗೂ ಬಂತು.

ಬಳಗಗಳನ್ನು ಮಾಡುವ ಕೆಲಸ ಕಚೇರಿಯ ಸೂಪರಿಂಟೆಂಡೆಂಟ್ ರಂಗಸ್ವಾಮಿಯವರಿಗೆ ಹೋಯಿತು. ಅವರಿಗೆ ಮನುಷ್ಯರನ್ನು ಜೋಡಿಸುವ ಒಂದೇ ವಿಧಾನ ಗೊತ್ತಿತ್ತು: ರೋಲ್ ನಂಬರು. ಗುರುತಿನ ಚೀಟಿಯಿಂದ ಹಿಡಿದು ವಾರ್ಷಿಕೋತ್ಸವದ ಪುಳಿಯೋಗರೆಯವರೆಗೆ ನಮ್ಮಲ್ಲಿ ಎಲ್ಲವೂ ಹೆಸರಿನ ಮೊದಲ ಅಕ್ಷರದ ಪ್ರಕಾರವೇ. ಹೀಗಾಗಿ ಸ್ಥಳದ ಪ್ರಕಾರ ಆಗಬೇಕಿದ್ದ ಬಳಗಗಳು ಅಕ್ಷರದ ಪ್ರಕಾರ ಆದವು. ನನ್ನ ಪಾಲಿಗೆ ಬಂದದ್ದು ‘ಎಸ್’ ಬಳಗ. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿಯವರ ಮಗಳು ಶಾಹಿಸ್ತಾ, ಹಲಸೂರು ಕೆರೆಯ ಹಿಂದಿನ ಸೆಲ್ವಂ, ಗರುಡಾಚಾರ್‌ಪಾಳ್ಯದಿಂದ ಬರುವ ಶರಣಮ್ಮ, ಇನ್ನು ನಾಲ್ಕಾರು ಸುರೇಶ, ಸುನೀತಾಗಳು. ಒಬ್ಬರ ಮನೆಗೂ ಇನ್ನೊಬ್ಬರ ಮನೆಗೂ ಸಂಬಂಧವೇ ಇಲ್ಲ. ‘ಇವರಿಗೆಲ್ಲ ಸೇರಿ ಯಾವ ಸ್ಥಳ ಸ್ವಾಮೀ?’ ಎಂದು ಕೇಳಿದೆ. ರಂಗಸ್ವಾಮಿಯವರು ತಲೆಯೆತ್ತದೆ, ‘ಮೇಷ್ಟ್ರ ಮನೆ ಇರೋ ಏರಿಯಾನೇ ಸ್ಥಳ. ನಿಮ್ಗೇ ಅನುಕೂಲ ಅಲ್ವಾ?’ ಎಂದರು.

ನನ್ನ ಮನೆ ಇರುವುದು ಜೀವನ್ ಬಿಮಾ ನಗರದಲ್ಲಿ. ವಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಾಣೆ, ಆದರೆ ಅದನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಹೊರಟಾಗ ಕಷ್ಟ ತಿಳಿಯಿತು. ‘ಇವು ವಿಮೆ ನೌಕರರ ಕ್ವಾರ್ಟರ್ಸು. ಅವೂ ಕ್ವಾರ್ಟರ್ಸು. ಆಚೆಗಿನವು ಆಮೇಲೆ ಕಟ್ಟಿದ ಮನೆಗಳು’ ಎನ್ನುವಷ್ಟರಲ್ಲಿ ಮೊದಲ ದಿನದ ಪಾಠ ಮುಗಿದಿತ್ತು. ಅರ್ಥಶಾಸ್ತ್ರ ಹೇಳೋಣವೆಂದು ಬಾಯಿ ತೆರೆದರೆ ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು. ಆಗ ವಿಮಾನಗಳೆಲ್ಲ ನಮ್ಮ ಟೆರೇಸನ್ನು ಸವರಿಕೊಂಡೇ ಹೋಗುತ್ತಿದ್ದವು. ಕೊನೆಗೆ ಬಳಗ ದಿನಾ ಮೊದಲ ಪೀರಿಯಡ್ಡಿಗೆ ನಮ್ಮ ಮನೆಯ ವರಾಂಡಕ್ಕೇ ಬಂದು ಸೇರತೊಡಗಿತು, ನನ್ನ ಹೆಂಡತಿ ವಿಮಲಾ ಉಪ್ಪಿಟ್ಟು ಮಾಡಿದಳು. ಎರಡನೆಯ ವಾರ, ‘ಸ್ಥಳ ನಮ್ಮನೆ, ಆಧಾರ ನನ್ನ ಅಡುಗೆಮನೆ. ಕಲಿಕೆ ಯಾವಾಗ ಶುರು ಮಾಡ್ತೀರಿ?’ ಎಂದು ಕೇಳಿದಳು.

ಉಪ್ಪಿಟ್ಟು ಸಿಗದೆ ಇದ್ದವಳು ಒಬ್ಬಳೇ, ಶರಣಮ್ಮ. ಕಲಬುರಗಿ ಕಡೆಯ ಹುಡುಗಿ. ಅಪ್ಪ ಮಹದೇವಪುರದ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ, ಅಕ್ಕ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ, ಒಂದೇ ಬಾಡಿಗೆ ಕೋಣೆಯಲ್ಲಿ ಐದು ಜನ. ಮೊದಲ ಪೀರಿಯಡ್ಡು ಮುಗಿದು ಎಲ್ಲರೂ ಕೈ ತೊಳೆಯುವ ಹೊತ್ತಿಗೆ ಏದುಸಿರು ಬಿಡುತ್ತ ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ತಡವಾಗಿ ಬಂದವರಿಗೆ ಹೇಳಲು ನನ್ನ ಹತ್ತಿರ ಒಂದು ಖಾಯಂ ಹಾಸ್ಯವಿತ್ತು. ‘ಯಾವೂರಮ್ಮಾ ನಿಂದು? ಭಾಳ ದೂರಾನಾ?’ ಎಂದು ಕೇಳುವುದು. ಅವಳನ್ನೂ ಕೇಳಿದೆ. ‘ದೂರ ಏನಿಲ್ರಿ ಸರ. ನಡೆದ್ರ ಜಲ್ದಿ ಬರ್ತಿದ್ದೆನ್ರಿ, ಬಸ್ ಹತ್ತಿದ್ದಕ್ಕ ತಡ ಆಯ್ತ್ರಿ’ ಎಂದಳು. ಹುಡುಗರು ಅವಳ ‘ರಿ’ ಕೇಳಿ ನಕ್ಕರು. ಅಂದಿನಿಂದ ಅವಳು ಬಾಯಿ ತೆರೆಯುವುದನ್ನೇ ನಿಲ್ಲಿಸಿದಳು.

ಅವಳು ಹೇಳಿದ್ದು ಅಕ್ಷರಶಃ ಸತ್ಯ. ಕೆ.ಆರ್. ಪುರದ ತೂಗುಸೇತುವೆಯನ್ನು ಇನ್ನೂ ಕಟ್ಟುತ್ತಿದ್ದ ಕಾಲ ಅದು. ಬೆಳಗಿನ ಹೊತ್ತು ಆ ಕಡೆಯಿಂದ ಊರೊಳಕ್ಕೆ ಬರುವ ಬಸ್ಸು, ಲಾರಿ, ಸಿಮೆಂಟ್ ಗಾಡಿಗಳೆಲ್ಲ ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಬಂದು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತಿದ್ದವು. ಡ್ರೈವರು ಇಂಜಿನ್ ಆರಿಸಿ, ಕೆಳಗಿಳಿದು, ಟೀ ಕುಡಿದು, ಪೇಪರ್ ಓದಿ ಮುಗಿಸುತ್ತಿದ್ದ. ಕಾಲೇಜಿನಲ್ಲಿ ರಂಗಸ್ವಾಮಿಯವರ ಕಾನೂನು ಬೇರೆ ಇತ್ತು, ಮೊದಲ ಪೀರಿಯಡ್ಡಿಗೆ ಇಲ್ಲದವರಿಗೆ ಅರ್ಧ ದಿನ ಗೈರುಹಾಜರಿ. ಹೀಗೆ ಅರ್ಧ ಅರ್ಧ ಸೇರಿ ಶರಣಮ್ಮನ ಹಾಜರಾತಿ ಪರೀಕ್ಷೆಗೆ ಕೂರಿಸದಷ್ಟು ಕೆಳಗಿಳಿಯಿತು. ಒಂದು ದಿನ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ‘ಸರ, ಟಿ.ಸಿ. ಬೇಕಾಗಿತ್ರಿ’ ಎಂದಳು.

ಯಾಕೆಂದು ಕೇಳಿದೆ. ‘ಪರೀಕ್ಷಾಕ್ಕ ಕೂಡ್ಸಂಗಿಲ್ಲ ಅಂದ್ರ ಫೀ ಯಾಕ ಕಟ್ಟಬೇಕು ಅಂತ ಅಪ್ಪ ಕೇಳ್ತಾನ್ರಿ. ಸೋಮವಾರದಿಂದ ಅಕ್ಕನ ಕೂಡ ಗಾರ್ಮೆಂಟ್ಸಿಗಿ ಹೋಗ್ತೀನ್ರಿ’ ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನವನ್ನಾದರೂ ಹೇಳಬಹುದಿತ್ತು. ದಿಕ್ಕೆಟ್ಟು ಬಿಟ್ಟುಹೋಗುವವರನ್ನು ಹಿಡಿದಿಡಲೆಂದೇ ಮಾಡಿದ ಬಳಗ ಮೊದಲು ಕಳೆದುಕೊಳ್ಳುತ್ತಿದ್ದದ್ದು ಅವಳನ್ನೇ. ನನಗೆ ನಿಜಕ್ಕೂ ಸಂಕಟವಾಯಿತು.

ನನ್ನ ಸಂಕಟ ಕಂಡು ಬಳಗದ ಹುಡುಗರೂ ಒಳಗೆ ಬಂದರು. ‘ಬೇಗ ಬರೋಕೆ ಆಗಲ್ವಾ ಮಗಾ?’ ಎಂದು ಸೆಲ್ವಂ ಕೇಳಿದ. ‘ನಮ್ಮ ಕಡಿ ಫಸ್ಟ್ ಬಸ್ಸಿಗೇ ಬರ್ತೀನಲ್ಲ. ಅದಕ್ಕಿಂತ ಮೊದ್ಲ ಬಸ್ ಇಲ್ಲ’ ಎಂದಳು. ಸುಮ್ಮನೆ ಕೇಳುತ್ತಿದ್ದ ಶಾಹಿಸ್ತಾ ಆಗ ದುಪಟ್ಟಾ ಸರಿಮಾಡಿಕೊಂಡು, ‘ಸಾರ್, ಪ್ಲೇಸ್ ಅಂದ್ರೆ ಏನ್ ಸಾರ್? ಒಂದೇ ಕಡೆ ಇರೋದು ತಾನೆ?’ ಎಂದಳು. ಹೌದೆಂದೆ. ‘ಆ ಬಸ್ಸು ದಿನಾ ಒಂದೇ ಕಡೆ ನಿಂತಿರ್ತದೆ ಸಾರ್! ನಿಮ್ ಜೀವನ್ ಬಿಮಾ ನಗರ ಎಷ್ಟು ಪ್ಲೇಸೋ ಅದೂ ಅಷ್ಟೇ ಪ್ಲೇಸು. ನಾವೇ ಅಲ್ಲಿಗೆ ಹೋಗ್ಬಿಡೋಣ. ಕ್ಲಾಸೂ ಆಗ್ತದೆ, ಇವಳಿಗೆ ಅಟೆಂಡೆನ್ಸೂ ಸಿಗ್ತದೆ.’ ನಾನು ಅರ್ಥಶಾಸ್ತ್ರದ ಎಂ.ಎ. ಇಂಥ ತರ್ಕವನ್ನು ಎಲ್ಲಿಂದ ಖಂಡಿಸಬೇಕೆಂದೇ ತಿಳಿಯಲಿಲ್ಲ.

ಪ್ರಾಂಶುಪಾಲರು ಕೇಳಿ ಮೊದಲು ಬೆಚ್ಚಿದರು, ಆಮೇಲೆ ಕಣ್ಣರಳಿಸಿದರು. ‘ಇನ್ನೊಂದು ತಿಂಗಳಿಗೆ ಯೂನಿವರ್ಸಿಟಿಯಿಂದ ತಜ್ಞರು ನೋಡೋಕೆ ಬರ್ತಾರೆ. ಅವರು ಒಪ್ಪಿದ್ರೆ ಬಸ್ಸಿನ ಹಾಜರಾತಿ ಸಲ್ಲುತ್ತೆ. ಒಪ್ಪದಿದ್ರೆ ಇಲ್ಲ’ ಎಂದರು. ಟಿ.ಸಿ. ಅಲ್ಲಿಯವರೆಗೆ ನಿಂತಿತು. ಮನೆಯಲ್ಲಿ ವಿಷಯ ಹೇಳಿದೆ. ‘ಎಲ್ಲರೂ ಕಾಲೇಜಿನ ಕಡೆ ಹೋಗಿ ಕಾಲೇಜಿಗೆ ಸೇರ್ತಾರೆ. ನೀವು ಕೆ.ಆರ್. ಪುರದ ಕಡೆ ಹೋಗಿ ಸೇರ್ತೀರಾ?’ ಎಂದು ವಿಮಲಾ ನಕ್ಕಳು. ಉಪ್ಪಿಟ್ಟಿನಿಂದ ಬಿಡುಗಡೆಯಾದ ಖುಷಿ ಅವಳದು.

ಊರಿನಿಂದ ಹೊರಕ್ಕೆ ಹೋಗುವ ಬಸ್ಸುಗಳು ಬೆಳಿಗ್ಗೆ ಖಾಲಿ ಓಡುತ್ತಿದ್ದವು. ನಾವೆಲ್ಲ ಒಂದನ್ನು ಹಿಡಿದು ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ರಸ್ತೆ ದಾಟಿ, ನಿಂತ ಬಸ್ಸುಗಳ ಕಿಟಕಿಗಳಲ್ಲಿ ಶರಣಮ್ಮನ ಮುಖ ಹುಡುಕುತ್ತ ನಡೆಯುತ್ತಿದ್ದೆವು. ಮೊದಲ ದಿನ ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ‘ಇಲ್ಲಿ ಬರ್ರಿ ಸರ, ಇಲ್ಲಿ!’ ಎಂದು ಕೂಗಿದಳು. ಅವಳಿಗೆ ಇಷ್ಟು ದೊಡ್ಡ ದನಿ ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಒಳಗೆ ಹೋದರೆ ನಮಗೆಲ್ಲ ಸೀಟು ಹಿಡಿದಿದ್ದಾಳೆ! ‘ಯಾಕ್ರಿ ಸರ ನಿಂತೀರಿ, ಕೂಡ್ರಿ. ಆ ಸೀಟು ಬ್ಯಾಡ್ರಿ, ಅದಕ್ಕ ಮೊಳಿ ಎದ್ದದ್ರಿ’ ಎಂದು ನನ್ನನ್ನು ಮೊಳೆಯಿಂದ ಕಾಪಾಡಿದಳು. ಗಾರ್ಮೆಂಟ್ಸ್ ಹೆಂಗಸರಿಗೆ, ‘ನಮ್ಮ ಸರ ಇವ್ರು’ ಎಂದು ಪರಿಚಯಿಸಿದಳು. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು ಓಡಾಡುವಂತೆ ಓಡಾಡಿದಳು. ನಮ್ಮ ಮನೆಯ ಗೇಟಿನಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದ ಹುಡುಗಿ ಇವಳೇ ಎಂದು ನಂಬುವುದು ಕಷ್ಟವಾಯಿತು.

ಪಾಠ ಚೆನ್ನಾಗಿಯೇ ನಡೆಯಿತು. ಜಾಮ್ ಹೆಚ್ಚಾದಷ್ಟೂ ಬಸ್ಸುಗಳ ನಡುವೆ ಮಾರುವವನ ಸೌತೆಕಾಯಿಯ ಹೋಳು ತೆಳ್ಳಗಾಗುವುದನ್ನು ಕಿಟಕಿಯಿಂದಲೇ ತೋರಿಸಿ ಬೇಡಿಕೆ, ಪೂರೈಕೆ ಹೇಳಿದೆ. ಕಂಡಕ್ಟರು ಮುಂದಿನ ಲಾರಿ ಅಲುಗಾಡಿದರೆ, ‘ಸಾರ್, ಮುಗೀತಾ? ರೈಟ್ ಹೇಳ್ಲಾ?’ ಎಂದು ವಿಚಾರಿಸುತ್ತಿದ್ದ. ಸೆಲ್ವಂ ಶರಣಮ್ಮನಿಂದ ‘ರಿ’ ಕಲಿತ, ಅವಳು ಶಾಹಿಸ್ತಾಳಿಂದ ಇಂಗ್ಲಿಷ್ ಪಾಠಗಳನ್ನು ಹೇಳಿಸಿಕೊಂಡಳು. ಇಬ್ಬರೂ ದಖನಿ ಉರ್ದುವಿನಲ್ಲಿ ಏನೋ ಮಾತಾಡಿಕೊಂಡು ನಗುತ್ತಿದ್ದರು. ಕಲಬುರಗಿಯ ಹುಡುಗಿಗೆ ಅದು ಮೊದಲೇ ಬರುತ್ತಿತ್ತಂತೆ. ಅದರಲ್ಲಿ ನನ್ನ ಹೆಸರು ಆಗಾಗ ಬರುತ್ತಿತ್ತು, ಅರ್ಥ ಕೇಳುವ ಧೈರ್ಯ ನನಗಾಗಲಿಲ್ಲ.

ತಜ್ಞರು ಬರುವ ದಿನ ಬಂತು. ಪ್ರಾಂಶುಪಾಲರು ಅವರನ್ನು ಕಾರಿನಲ್ಲಿ ಟಿನ್ ಫ್ಯಾಕ್ಟರಿಗೆ ಕರೆತಂದು, ನಿಂತ ಬಸ್ಸಿನೊಳಗೆ ಪಾಠ ತೋರಿಸುವುದೆಂದು ಏರ್ಪಾಟು. ನಾವು ಮುಂಚೆಯೇ ಹೋಗಿ ಇಳಿದು ನೋಡಿದರೆ ರಸ್ತೆಯಲ್ಲಿ ಪೊಲೀಸರೋ ಪೊಲೀಸರು! ಯಾರೋ ದೊಡ್ಡವರು ಸೇತುವೆಯ ಕೆಲಸ ನೋಡಲು ಬರುತ್ತಾರಂತೆ. ಅದಕ್ಕಾಗಿ ಊರೊಳಕ್ಕೆ ಬರುವ ಗಾಡಿಗಳನ್ನೆಲ್ಲ ಓಡಿಸಿ ಖಾಲಿ ಮಾಡುತ್ತಿದ್ದರು, ಊರಿಂದ ಹೊರಡುವ ಗಾಡಿಗಳನ್ನು ನಾವು ದಾಟಿ ಬಂದ ಮೇಲೆ ಹಲಸೂರಿನಲ್ಲೇ ತಡೆದಿದ್ದರು. ಶರಣಮ್ಮನ ಬಸ್ಸು ಬಂತು, ನಾವು ಹತ್ತಿದೆವು, ಬಸ್ಸು ಹಾರಿತು. ಇಡೀ ಊರು ಜಾಮ್ ಹೋಗಲೆಂದು ಹರಕೆ ಹೊರುತ್ತಿದ್ದ ಕಾಲದಲ್ಲಿ, ಜಾಮ್ ಬರಲೆಂದು ಗಣಪತಿಗೆ ತೆಂಗಿನಕಾಯಿ ಹೇಳಿಕೊಂಡವನು ನಾನೊಬ್ಬನೇ ಇರಬೇಕು. ವಿಘ್ನ ನಿವಾರಕನಿಗೆ ವಿಘ್ನ ಬೇಡಿದ್ದು ರುಚಿಸಲಿಲ್ಲ. ಹಲಸೂರಿನ ಹತ್ತಿರ ಎದುರು ಸಾಲಿನಲ್ಲಿ ಸಿಕ್ಕಿಬಿದ್ದ ಕಾರೊಂದರ ಕಿಟಕಿಯಿಂದ ಪ್ರಾಂಶುಪಾಲರು ತಲೆ ಹೊರಗೆ ಹಾಕಿ ಎರಡೂ ಕೈ ಬೀಸುತ್ತಿದ್ದರು. ನಾವು ಬಸ್ಸಿನಿಂದ ಬೀಸಿದೆವು. ಅಷ್ಟೇ ಆದದ್ದು ಅಂದಿನ ಪಾಠ.

ಕಾಲೇಜು ತಲುಪಿದಾಗ ಮೊದಲ ಗಂಟೆ ಇನ್ನೂ ಹೊಡೆದಿರಲಿಲ್ಲ. ಪ್ರಾಂಶುಪಾಲರು, ತಜ್ಞರು ಬಂದದ್ದು ಆ ಪೀರಿಯಡ್ಡು ಮುಗಿದ ಮೇಲೆ. ತಜ್ಞರ ಅಂಗಿ ಬೆವರಿಗೆ ಅಂಟಿಕೊಂಡಿತ್ತು, ಮುಖ ಗಂಟಿಕ್ಕಿತ್ತು. ‘ಏನ್ರೀ ಇದು? ಬಸ್ಸಲ್ಲಿ ಕ್ಲಾಸಂತೆ! ನಿಮ್ಮ ವಿದ್ಯಾರ್ಥಿಗಳು ಮನೆಯಿಂದ ಸ್ವಲ್ಪ ಬೇಗ ಹೊರಟ್ರೆ ಸಾಲ್ದಾ? ಶಿಸ್ತು ಅನ್ನೋದು ಬೇಡ್ವಾ?’ ಎಂದರು. ಹಿಂದೆ ನಿಂತಿದ್ದ ರಂಗಸ್ವಾಮಿಯವರು, ‘ಅದನ್ನೇ ನಾನೂ ಹೇಳ್ದೆ ಸಾರ್. ಕಾನೂನು ಎಲ್ಲರಿಗೂ ಒಂದೇ’ ಎಂದರು. ಇನ್ನು ಶರಣಮ್ಮ ನಮ್ಮ ಕೈ ತಪ್ಪಿದಳು ಎಂದುಕೊಂಡೆ.

ಆಗ ಅವಳೇ ಮುಂದೆ ಬಂದಳು. ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟ ಅದೇ ದನಿ. ರಂಗಸ್ವಾಮಿಯವರನ್ನು ನೋಡಿ, ಕುಹಕವಿಲ್ಲದೆ, ತಿಳಿಯದ್ದನ್ನು ತಿಳಿದುಕೊಳ್ಳುವವಳಂತೆ ಕೇಳಿದಳು: ‘ಹಂಗಾರ ಸರ, ಈ ಸಾಹೇಬ್ರಿಗೂ ಇವತ್ತ ಅರ್ಧ ದಿನ ಆಬ್ಸೆಂಟ್ ಹಾಕ್ತೀರೇನ್ರಿ?’

ತಜ್ಞರು ಅವಳನ್ನು ನೋಡಿದರು, ತಮ್ಮ ಗಡಿಯಾರ ನೋಡಿಕೊಂಡರು, ಕೊನೆಗೆ ಹೊಟ್ಟೆ ಕುಣಿಸಿಕೊಂಡು ನಕ್ಕರು. ‘ದಿನಾ ಹೀಗೇನಮ್ಮಾ?’ ಎಂದು ಕೇಳಿದರು. ‘ದಿನಾ ರಿ. ಇವತ್ತ ನಿಮಗ ಆತು, ನಮಗ ತಪ್ಪಿತ್ರಿ’ ಎಂದಳು. ಅವರು ರಂಗಸ್ವಾಮಿಯವರ ಕಡೆ ತಿರುಗಿ, ‘ಬಸ್ಸಿನ ಹಾಜರಾತಿ ಹಾಕಿಬಿಡ್ರಿ. ನನಗೂ ಒಂದು ಹಾಕಿ’ ಎಂದರು. ಶರಣಮ್ಮ ಪರೀಕ್ಷೆಗೆ ಕೂತಳು, ಪಾಸಾದಳು. ಫಲಿತಾಂಶದ ದಿನ ಅವಳ ಅಪ್ಪ ನಮ್ಮ ಮನೆಗೆ ಬಂದು ವರಾಂಡದಲ್ಲಿ ಕೂತು ಉಪ್ಪಿಟ್ಟು ತಿಂದರು. ವಿಮಲಾ ತಾನಾಗಿಯೇ ಮಾಡಿದ್ದು.

ಮುಂದೆ ಸೇತುವೆ ಮುಗಿಯಿತು, ಟಿನ್ ಫ್ಯಾಕ್ಟರಿಯಲ್ಲಿ ಸ್ವಲ್ಪ ಕಾಲ ಬಸ್ಸುಗಳು ಸಲೀಸಾಗಿ ಓಡಿದವು. ಆದರೆ ಬೆಂಗಳೂರಿನಲ್ಲಿ ಜಾಮ್ ಸಾಯುವುದಿಲ್ಲ, ಮನೆ ಬದಲಾಯಿಸುತ್ತದೆ. ನಮ್ಮ ಕಡೆ ರಸ್ತೆ ಅಗೆದರು, ಅದು ಜೀವನ್ ಬಿಮಾ ನಗರಕ್ಕೇ ಬಂದು ಬಿಡಾರ ಹೂಡಿತು. ಒಂದು ಬೆಳಿಗ್ಗೆ ಆಟೋ ಬಿಟ್ಟು ಓಡೋಡಿ, ಬೆವರು ಒರೆಸಿಕೊಳ್ಳುತ್ತ ನಾನು ಕ್ಲಾಸಿನ ಬಾಗಿಲಿಗೆ ಬಂದಾಗ ಪೀರಿಯಡ್ಡು ಮುಗಿಯುವುದರಲ್ಲಿತ್ತು. ಎರಡನೆಯ ವರ್ಷದ ಹುಡುಗರೆಲ್ಲ ತೆಪ್ಪಗೆ ಕೂತಿದ್ದರು. ಮೊದಲ ಬೆಂಚಿನಿಂದ ಶರಣಮ್ಮ ಎದ್ದು ನಿಂತು, ಬಹಳ ವಿನಯದಿಂದ ಕೇಳಿದಳು:

‘ಯಾವೂರ್ರಿ ಸರ ನಿಮ್ದು? ಭಾಳ ದೂರ ಏನ್ರಿ?’