ಈಡು ಹೊಡೆಯದ ಮಾವ

ನಮ್ಮ ಸೋದರಮಾವ ಬಂದೂಕು ಹಿಡಿದರೆ ಯಾವ ಪ್ರಾಣಿಗೂ ಅಪಾಯವಿಲ್ಲ, ಅಪಾಯವೇನಿದ್ದರೂ ಪಕ್ಕದಲ್ಲಿರುವವನಿಗೆ! ಆ ಪಕ್ಕದವನು ನಾನು. ಬಿ.ಎ. ಓದಿದ್ದೇನೆ, ಆದರೂ ಇವತ್ತಿಗೂ ಮೂಲೆಯಲ್ಲಿ ಕರಿ ಕಂಬಳಿ ಕಂಡರೆ ಎದೆ ಡವಗುಟ್ಟುತ್ತದೆ.

ಮಾವ ಸೈನ್ಯದಲ್ಲಿ ಸ್ನೈಪರ್ ಆಗಿದ್ದವರು. ಮರೆಯಲ್ಲಿ ಮಲಗಿ, ಕಾದು, ದೂರದ ಗುರಿಯನ್ನು ಒಂದೇ ಗುಂಡಿಗೆ ಕೆಡವುವ ಕೆಲಸ. ಎಪ್ಪತ್ತೊಂದರ ಯುದ್ಧ ಮುಗಿಸಿ ಚನ್ನಗಿರಿಗೆ ಬಂದವರ ಬಾಯಲ್ಲಿ ಒಂದೇ ದೂರು:

"ಕಮಾಂಡರ್ ಸಾಹೇಬ್ರಿಗೆ ನಮ್ಮನ್ನ ಹೆಂಗೆ ಬಳಸ್ಬೇಕು ಅಂತ್ಲೇ ಗೊತ್ತಿರ್ಲಿಲ್ಲ ಕಣೋ! ಒಬ್ರು ಗೇಟು ಕಾಯಾಕೆ ನಿಲ್ಸಿದ್ರು. ಇನ್ನೊಬ್ರು ಊಟಕ್ಕೆ ಕೌಜುಗ ಹೊಡ್ಕಂಬಾ ಅಂದ್ರು. ಸ್ನೈಪರ್ ಅಂದ್ರೆ ಜೋಡಿ. ಒಬ್ಬ ನೋಡಾಕೆ, ಒಬ್ಬ ಹೊಡಿಯಾಕೆ!"

ಬೀಗರಿಗೂ ಇದೇ, ಬಸ್ ಕಂಡಕ್ಟರಿಗೂ ಇದೇ. ಕೇಳಿ ಕೇಳಿ ನನ್ನ ಕಿವಿ ತೂತಾಯಿತು.

ನಮ್ಮ ಕಡೆಯವರಿಗೋ ಬಂದೂಕೆಂದರೆ ಬರೀ ಸದ್ದು. ಹಂದಿ ಬೆದರಿಸಲು ಆಕಾಶಕ್ಕೊಂದು ಈಡು ಹೊಡೆದರೆ ಮುಗಿಯಿತು. ನ್ಯಾಮತಿಯ ಮದುವೆಯೊಂದರಲ್ಲಿ ಹೆಣ್ಣಿನ ತಂದೆ, "ಮಿಲ್ಟ್ರಿಯೋರೇ, ದಿಬ್ಬಣ ಬಂತು, ಒಂದು ಈಡು ಹಾರ್ಸ್ರಿ!" ಎಂದರು. "ಗುರಿ ಯಾರು?" ಎಂದರು ಮಾವ, ಗಂಭೀರವಾಗಿ. ಮದುಮಗ ಬಾಸಿಂಗದ ಸಮೇತ ಜೀಪಿನಿಂದ ಇಳಿದು ಓಟ ಕಿತ್ತ!

ಇಂಥವರನ್ನು ಜಗಳೂರು ಕಡೆಯ ಹಳ್ಳಿಯವರು ಶೇಂಗಾ ಹೊಲಕ್ಕೆ ನುಗ್ಗುವ ಕರಡಿ ಓಡಿಸಲು ಕರೆಯಬೇಕೇ? 'ನೋಡುವವ'ನಾಗಿ ಮಾವ ನನ್ನನ್ನೂ ಎಳೆದೊಯ್ದರು. ಊರ ಚೇರ್ಮನ್ನರೇ ಅಲ್ಲಿ ದಂಡನಾಯಕರು.

"ನೀವು ಮುಂದೆ ನಿಲ್ರಿ, ನಾವು ಹಿಂದೆ ತಮಟೆ ಬಡಿತೀವಿ."

"ಮುಂದೆ ನಿಲ್ಲಾಕೆ ನಾನೇನು ಬೆದರುಗೊಂಬೇನಾ? ಸದ್ದು ಮಾಡಬ್ಯಾಡ್ರಿ. ನಾವಿಬ್ರೇ ಬದುವಿನ ಮರೆಗೆ ಮಲಗ್ತೀವಿ."

"ಮಲಗಾಕೆ ಕರೆಸಿದ್ವೇನ್ರೀ?"

ಮಲಗಿದೆವು. ಇರುವೆ ಕಚ್ಚಿದರೂ ಅಲ್ಲಾಡುವಂತಿಲ್ಲ! ಹೊತ್ತು ಮುಳುಗುವಾಗ ಕರಿ ಕಂಬಳಿಯ ಮುದ್ದೆಯಂತೆ ಕರಡಿ ಬಂತು. ಮಾವ ಇನ್ನೂ ಕಾಯುತ್ತಲೇ ಇದ್ದರು. ಚೇರ್ಮನ್ನರಿಗೆ ತಾಳ್ಮೆ ಎಲ್ಲಿ? ಹೊಲದ ಆಚೆಯಿಂದ ತಮಟೆ ಬಡಿಸಿಯೇಬಿಟ್ಟರು. ಬೆದರಿದ ಕರಡಿ ನೇರ ನಮ್ಮತ್ತಲೇ ನುಗ್ಗಿತು. ಅದರ ಏದುಸಿರು, ಆ ನಾತ!

"ಮಾವ, ಹೊಡೀರಿ!"

ಮಾವ ಏನು ಮಾಡಿದರು ಗೊತ್ತೇ? ಬಂದೂಕು ಬಿಸಾಕಿ ದೊಪ್ಪನೆ ನನ್ನ ಮೇಲೆ ಬಿದ್ದರು! ಕರಡಿ ಅವರ ಬೆನ್ನು ಪರಚಿ ದಾಟಿಹೋಯಿತು.

"ಸೈನ್ಯದಲ್ಲಿ ಇದನ್ನೇ ಕಲಿಸಿದ್ರಾ? ಕೈಯಾಗೆ ಬಂದೂಕಿತ್ತಲ್ರೀ!" ನಾನು ರೇಗಿದೆ.

ಅವರ ಅಂಗಿ ಹರಿದು ರಕ್ತ ಜಿನುಗುತ್ತಿತ್ತು. ಅದರ ಗೊಡವೆಯೇ ಇಲ್ಲದೆ ನನ್ನ ತಲೆ, ತೋಳು, ಕಾಲು ತಡವಿ ತಡವಿ ನೋಡುತ್ತಿದ್ದರು.

"ಗಡಿಯಾಗೆ ಒಂದ್ಸಲ ಸಾಹೇಬ್ರು ಹೊಡಿ ಅಂದ್ರು. ಗುರಿ ಮ್ಯಾಲೇ ಕಣ್ಣಿಟ್ಟಿದ್ದೆ, ತಪ್ಪಲಿಲ್ಲ. ತಿರುಗಿ ನೋಡಿದ್ರೆ ನನ್ ಜೋಡಿ ಹುಡುಗ ಗುಂಡು ತಗಲಿ ತಣ್ಣಗಾಗಿದ್ದ ಕಣೋ."