ಬೇಡಿಕೆಗೊಂದು ಹಾರ

ಹಾರ ಒಯ್ಯುವ ಯೋಚನೆ ಹಯಗ್ರೀವರದ್ದಲ್ಲ, ಪಕ್ಕದ ಮನೆ ನರೇಶನದು. ಯಾವ ಗೇಟು ಯಾವುದಕ್ಕೆ ತೆರೆಯುತ್ತದೆಂದು ಬಲ್ಲ ಆಸಾಮಿ ಅವನು. ಕೇಳದಿದ್ದರೂ ಹೇಳುತ್ತಾನೆ.

“ಎಮ್ಮೆಲ್ಲೆ ಮನೇಗೆ ಬರಿಗೈಲಿ ಹೋಗ್ತೀರಾ ಸಾರ್? ಗೇಟಲ್ಲೇ ನಿಲ್ಲಿಸ್ತಾರೆ. ಒಂದು ದಪ್ಪ ಹಾರ ಹಿಡ್ಕೊಳ್ಳಿ, ನೇರ ಒಳಗೆ ಬಿಡ್ತಾರೆ. ನಮ್ಮೆಲ್ಲರ ಪರವಾಗಿ ಹೋಗ್ತಿದ್ದೀರ, ಸ್ವಲ್ಪ ಕಳೆ ಇರ್ಲಿ.”

ಹಯಗ್ರೀವರು ವಿಮಾ ಕಚೇರಿಯಿಂದ ನಿವೃತ್ತರಾದವರು. ದೊಮ್ಮಲೂರಿನ ಅವರ ಮನೆಯೆದುರು ಒಂದು ಬಯಲಿದೆ. ಕಸದ ಆಟೋಗಳು ತಂದದ್ದನ್ನೆಲ್ಲ ಅಲ್ಲಿ ಸುರಿದು ದೊಡ್ಡ ಲಾರಿಗೆ ತುಂಬುವ ಘಟಕವೊಂದು ಬರುತ್ತದೆಂಬ ಸುದ್ದಿ ಚುನಾವಣೆಗೆ ಮೊದಲೇ ಇತ್ತು. ಹೆಂಡತಿ ಅಲಮೇಲುವಿಗೆ ಉಬ್ಬಸ. ಪಕ್ಕದ ಬೀದಿಯಲ್ಲಿ ಯಾರೋ ಒಣ ಎಲೆ ಸುಟ್ಟರೂ ಇಲ್ಲಿ ಇನ್ಹೇಲರ್ ಹುಡುಕಬೇಕು. ಹಾಗಿರುವಾಗ, ಕಾಲೇಜಿನ ಮೇಷ್ಟ್ರಗಿರಿ ಬಿಟ್ಟು ಚುನಾವಣೆಗೆ ನಿಂತ ಜಯಂತ ಅದೇ ಬಯಲಿನಲ್ಲಿ ನಿಂತು, “ಲಾರಿ ಬರೋದಾದ್ರೆ ನನ್ನ ಹೆಣದ ಮೇಲೆ ಬರ್ಲಿ” ಎಂದಿದ್ದ. ಹಯಗ್ರೀವರ ಕಣ್ಣು ಒದ್ದೆಯಾಗಿತ್ತು. ವಿಮಾ ಕಚೇರಿಯಲ್ಲಿದ್ದೂ ಪಾಲಿಸಿಗಾಗಿ ಒಬ್ಬರ ಬಾಗಿಲನ್ನೂ ತಟ್ಟದ ಮನುಷ್ಯ, ಮನೆಮನೆಗೆ ಹೋಗಿ, “ಈ ಹುಡ್ಗ ಬೇರೆ ಥರ. ನನ್ನನ್ನ ನಂಬಿ” ಎಂದು ಅವನಿಗೆ ವೋಟು ಕೇಳಿದ್ದರು.

ಜಯಂತ ಗೆದ್ದು ವರ್ಷ ತುಂಬುವ ಮುಂಚೆಯೇ ಬಯಲಿಗೆ ತಗಡಿನ ಬೇಲಿ ಬಂತು.

“ಜಗಳ ಆಡ್ಬೇಡಿ,” ಎಂದಳು ಅಲಮೇಲು, ಬಾಗಿಲವರೆಗೆ ಬಂದು. “ನೆನಪು ಮಾಡಿ, ಅಷ್ಟೆ. ಒಳ್ಳೇ ಹುಡ್ಗ ಅವನು.”

ಶಿವಾಜಿನಗರದ ಮಾರುಕಟ್ಟೆಯಲ್ಲಿ ಹೂ ಮಾರುವ ಕರೀಂ ಅವರಿಗೆ ಹಳೆಯ ಪರಿಚಯ. ದೊಡ್ಡ ಹಾರ ಬೇಕೆಂದಾಗ ಅವನು ಕೇಳಿದ, “ಶಾದಿಗಾ ಸಾಬ್, ಸಾವಿಗಾ?”

“ಎರಡೂ ಅಲ್ಲಪ್ಪ. ಎಮ್ಮೆಲ್ಲೆ ಹತ್ರ ಒಂದು ಬೇಡಿಕೆ ಇದೆ.”

“ಬೇಡಿಕೆಗೆ ಅಂತ ಬೇರೆ ಹಾರ ಬರಲ್ಲ ಸಾಬ್. ಶಹಬ್ಬಾಸ್ ಅನ್ನೋಕೂ ಇದೇ ಹಾಕೋದು. ನೋಡೋರಿಗೆ ಎಲ್ಲಾ ಒಂದೇ.”

ಸುಗಂಧರಾಜದ ಆ ಹಾರ ಆಟೋದಲ್ಲಿ ಅವರಿಗಿಂತ ಹೆಚ್ಚು ಜಾಗ ಹಿಡಿಯಿತು. ಹಲಸೂರು ಕೆರೆಯ ಹತ್ತಿರ ಸಿಗ್ನಲ್ ಬಿದ್ದಾಗ, ಪಕ್ಕದ ಸ್ಕೂಟರಿನವನು ಹಾರಕ್ಕೆ ಕೈಮುಗಿದು, “ಯಾರು ಹೋಗ್ಬಿಟ್ರು ಸಾರ್?” ಎಂದು ಕನಿಕರದಿಂದ ವಿಚಾರಿಸಿದ.

“ಇನ್ನೂ ಯಾರೂ ಹೋಗಿಲ್ಲ,” ಎಂದರು ಹಯಗ್ರೀವರು.

ಇಂದಿರಾನಗರದಲ್ಲಿ, ಜಯಂತನ ಮನೆಯ ಗೇಟಿನಲ್ಲಿ, ನರೇಶನ ಮಾತು ಅಕ್ಷರಶಃ ನಿಜವಾಯಿತು. ಅರ್ಜಿ ಹಿಡಿದವರೆಲ್ಲ ಬಿಸಿಲಿನಲ್ಲಿ ಒಣಗುತ್ತಿದ್ದರು. ಶಾಸಕರ ಸಹಾಯಕ ಫೈಸಲ್ ಕತ್ತೆತ್ತಿ ನೋಡಿ, “ಹಾರದೋರು ಈ ಕಡೆ ಬನ್ನಿ” ಎಂದು ಕರೆದು, ಸೀದಾ ಒಳಗೆ ಕರೆದೊಯ್ದು, ಮೊಬೈಲ್ ಹಿಡಿದು ನಿಂತ.

“ಮೊದ್ಲು ಫೋಟೋ, ಆಮೇಲೆ ಮಾತು. ಸ್ವಲ್ಪ ನಗಿ ಸಾರ್.”

ಹಯಗ್ರೀವರು ಹಾರ ಹಾಕಿ ನಕ್ಕರು. ಅದು ಫೋಟೋಗಾಗಿ ನಕ್ಕ ನಗುವಲ್ಲ. ಜಯಂತ ಅವರನ್ನು ಕಂಡೊಡನೆ ಎದ್ದುಬಂದು, “ಅಲಮೇಲಮ್ಮ ಹೇಗಿದ್ದಾರೆ ಸಾರ್?” ಎಂದಿದ್ದ. ಅಷ್ಟಕ್ಕೇ ಮುದುಕರ ಜೀವ ತಂಪಾಗಿತ್ತು.

“ಅವಳ ವಿಷಯಕ್ಕೇ ಬಂದೆ. ಆ ಬಯಲು…” ಎನ್ನುವಷ್ಟರಲ್ಲಿ ಫೋನು ಬಂತು. ಆಗತಾನೇ ಕೂತಿದ್ದ ಜಯಂತ ತಟ್ಟನೆ ಎದ್ದು ನಿಂತ. ಫೋನಿನಲ್ಲಿದ್ದವರಿಗೆ ಇವನು ನಿಂತದ್ದು ಕಾಣುವಂತಿರಲಿಲ್ಲ.

“ಹೇಳಿ ಅಣ್ಣ… ಇಲ್ಲ ಅಣ್ಣ, ವಿರೋಧ ಏನಿಲ್ಲ. ಜನ ಒಪ್ಕೊಂಡಿದ್ದಾರೆ ಅಣ್ಣ. ಈಗಷ್ಟೇ ಬಂದು ಹಾರ ಹಾಕಿದ್ರು.” ಹಾಗೆನ್ನುತ್ತ ಒಮ್ಮೆ ಹಯಗ್ರೀವರನ್ನು ನೋಡಿ, ಕಿಟಕಿಯ ಕಡೆ ತಿರುಗಿಕೊಂಡ.

ಫೋನಿಟ್ಟ ಮೇಲೆ ಜಯಂತ ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟ.

“ಘಟಕ ಬೇಡ ಅಂತ ನಮ್ಮ ಲೀಡರಿಗೆ ಎಷ್ಟೋ ಸಲ ಅಂದೆ ಸಾರ್. ಕಷ್ಟ ಆದ್ರೆ ರಾಜೀನಾಮೆ ಕೊಡು, ನಿನ್ನ ಸೀಟಿಗೆ ಪಾರ್ಟೀಲಿ ಬೇರೆಯವರಿದ್ದಾರೆ ಅಂದ್ರು.”

“ಕೊಡ್ಬಹುದಿತ್ತಲ್ಲಪ್ಪ.”

“ಒಳಗಿದ್ರೆ ತಾನೇ ಸಾರ್ ಏನಾದ್ರೂ ಮಾಡಕ್ಕಾಗೋದು.”

“ಹೆಣದ ಮೇಲೆ ಅಂದಿದ್ರಿ.”

“ಅದು ಭಾಷಣ ಸಾರ್,” ಎಂದು ಜಯಂತ ತಲೆ ತಗ್ಗಿಸಿದ. ಆ ತಗ್ಗಿದ ತಲೆಯೇ ಹಯಗ್ರೀವರ ಹೊಟ್ಟೆಗೆ ಬೆಂಕಿ ಹಾಕಿತು. ದಬಾಯಿಸಿದ್ದರೆ ತಿರುಗಿ ಬೈದಾದರೂ ಬರಬಹುದಿತ್ತು. ನಾಚಿಕೆಪಡುವ ಮನುಷ್ಯನನ್ನು ಏನೆಂದು ಬೈಯುವುದು?

ಅಲ್ಲಿಂದ ಹೊರಬಿದ್ದು, ಊಟವಿಲ್ಲದೆ ಎಲ್ಲೆಲ್ಲೋ ಅಲೆದು, ಇವತ್ತೇ ಎಲ್ಲರನ್ನೂ ಸೇರಿಸಿ ನಡೆದದ್ದನ್ನು ಹೇಳಬೇಕು, ನಾಳೆಯಿಂದ ಬೇಲಿಯ ಮುಂದೆ ತಾವೇ ಕೂರಬೇಕು ಎಂದು ಗಟ್ಟಿಮಾಡಿಕೊಂಡು, ಸಂಜೆ ಬೀದಿಯ ತಿರುವಿಗೆ ಬಂದರೆ ಎಲ್ಲರೂ ಆಗಲೇ ಸೇರಿದ್ದರು. ತಗಡಿನ ಬೇಲಿಯ ಮೇಲೆ ಹೊಸ ಫ್ಲೆಕ್ಸು. ಫ್ಲೆಕ್ಸಿಗೆ ನಿಷೇಧವಿರುವ ಈ ಊರಿನಲ್ಲಿ ಅಷ್ಟು ಚುರುಕಾಗಿ ಆಗುವ ಕೆಲಸ ಬೇರೊಂದಿಲ್ಲ. ಜಯಂತನ ಕೊರಳಿಗೆ ಹಾರ ಹಾಕಿ, ಹಲ್ಲೆಲ್ಲ ಕಾಣುವಂತೆ ನಗುತ್ತಿರುವ ಹಯಗ್ರೀವರು ಆಳೆತ್ತರಕ್ಕೆ ನಿಂತಿದ್ದರು. ಕೆಳಗೆ, “ನಮ್ಮ ಬಡಾವಣೆಗೆ ಆಧುನಿಕ ಕಸ ಘಟಕ ತಂದುಕೊಟ್ಟ ಶಾಸಕರಿಗೆ ಸಮಸ್ತ ನಿವಾಸಿಗಳ ಪರವಾಗಿ ಅಭಿನಂದನೆಗಳು.”

“ಅದು ಬೇಡಿಕೆಗೆ ಹಾಕಿದ ಹಾರ ಕಣ್ರೀ,” ಎಂದರು ಹಯಗ್ರೀವರು. ಯಾರ ಮುಖವೂ ಸಡಿಲವಾಗಲಿಲ್ಲ. “ನರೇಶ, ನೀನೇ ಅಲ್ವೇನಪ್ಪ ಹೇಳಿದ್ದು?”

“ಹಾರ ತಗೊಂಡು ಹೋಗಿ ಅಂದೆ ಸಾರ್,” ಎಂದ ನರೇಶ. “ನಗಿ ಅಂತ ಹೇಳಿದ್ನಾ?”

ಅವನು ಮನೆಯೊಳಗೆ ಹೋಗಿ, ತನ್ನ ಕಸದ ಚೀಲ ತಂದು ಹಯಗ್ರೀವರ ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟ. “ಘಟಕ ಶುರುವಾಗೋವರೆಗೂ ಇಲ್ಲೇ ಇರ್ಲಿ ಸಾರ್. ನೀವೇ ತರಿಸಿದ್ದಲ್ವಾ.” ಒಬ್ಬರ ಹಿಂದೊಬ್ಬರು ಉಳಿದವರೂ ತಂದಿಟ್ಟರು. ಅವರೆಲ್ಲ ಹಯಗ್ರೀವರ ಮಾತು ಕೇಳಿ ವೋಟು ಹಾಕಿದ್ದವರೇ.

ಹಯಗ್ರೀವರು ಚೀಲಗಳನ್ನು ದಾಟಿ ಒಳಗೆ ಹೋಗಿ, ಬೀದಿಯ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದರು. ಕೋಣೆಯಿಂದ ಅಲಮೇಲು ಕೆಮ್ಮುತ್ತಲೇ ಕೇಳಿದಳು, “ಏನಂದ ರೀ ಹುಡ್ಗ?”

ಹಯಗ್ರೀವರು ಕೊನೆಯ ಕಿಟಕಿಯ ಚಿಲಕ ಹಾಕಿದರು.

“ನಿನ್ನ ಕೇಳ್ದ,” ಎಂದರು. “ಹೇಗಿದ್ದಾರೆ ಅಂತ ಕೇಳ್ದ.”